ಚಿತ್ರೀಕರಣಕ್ಕೆ ಮುನ್ನ

ಫಿಲ್ಮೇ ಇಲ್ಲದೆ ಚಲಚ್ಚಿತ್ರ ತಯಾರಿಸುವುದೆಂದರೆ ಕೇಳಿದವರಿಗೆ ಅದು ಪರಿಹಾಸದ ಮಾತಾಗಿ ತೋರಬಹುದು. ಆದರೆ ಜಗತ್ತಿನ ಅತ್ಯಂತ ಹಳೆಯ ಚಲಚ್ಚಿತ್ರ ಶಾಲೆಯೆಂದು ಹೆಸರಾದ ಮಾಸ್ಕೋದ ವಿದ್ಯಾಲಯದಲ್ಲಿ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಪಾಠ ಕಲಿತುದು ಬಹುಮಟ್ಟಿಗೆ ಹಾಗೆಯೇ. 1919ರಲ್ಲಿ ಆ ಶಾಲೆ ಸ್ಥಾಪಿತವಾದಾಗ ರಷ್ಯಾ ದೇಶವು ಅಂತರ್ಯುದ್ಧದಲ್ಲಿ ಸಿಲುಕಿ ನರಳುತ್ತಿತ್ತು. ಹೊರದೇಶಗಳ ದಿಗ್ಬಂಧನದಿಂದಾಗಿ ಕಚ್ಚಾ ಫಿಲ್ಮಿನ ಸರಬರಾಜು ಕಡಿದುಹೋಗಿತ್ತು. ಇಂತಹ ಬರಗಾಲದಲ್ಲಿ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಲೆವ್ ಕುಲೆಷೋವ್ ಎಂಬ ತರುಣ ಉಪಾಧ್ಯಾಯನು ತನ್ನ ಶಿಷ್ಯರನ್ನು ಕೂಡಿಸಿಕೊಂಡು ಕಥೆಯೊಂದನ್ನು ತುಣುಕು ತುಣುಕಾಗಿ ಬಿಡಿಸಿ, ಪ್ರತಿಯೊಂದು ತುಣುಕಿನಲ್ಲಿಯೂ ನೋಡುವವನ ದೃಷ್ಟಿ ಎಲ್ಲಿ ನಿಲ್ಲಬೇಕು, ನಟನ ಕೈ ಯಾವ ದಿಕ್ಕಿಗೆ ಚಲಿಸಬೇಕು, ಅದು ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ, ಆ ತುಣುಕುಗಳನ್ನು ರಂಗದ ಮೇಲೆ ಒಂದರ ಹಿಂದೆ ಒಂದರಂತೆ ಅಭಿನಯಿಸಿ ತೋರಿಸುವ ಪದ್ಧತಿಯನ್ನು ಆರಂಭಿಸಿದನು. ಮುಂದೆ ಮಹಾನಿರ್ದೇಶಕನೆನಿಸಿದ ಪುದೋವ್ಕಿನ್ ಈ ಗುಂಪಿನಲ್ಲಿ ಒಬ್ಬನಾಗಿದ್ದನು. ಬೋರಿಸ್ ಬಾರ್ನೆಟ್, ಅಲೆಕ್ಸಾಂಡ್ರಾ ಖೋಖ್ಲೋವಾ ಮೊದಲಾದವರೂ ಇಲ್ಲಿಯೇ ಪಳಗಿದವರು. ಅದೇ ಬಳಗವು 1924ರಲ್ಲಿ ನಿಜವಾದ ಫಿಲ್ಮಿನ ಮೇಲೆ ಪೂರ್ಣಪ್ರಮಾಣದ ಹಾಸ್ಯಚಿತ್ರವೊಂದನ್ನು ತೆಗೆದಾಗ, ಅಷ್ಟು ದೊಡ್ಡ ಕೆಲಸ ಅವರಿಗೆ ಹೊಸದಾಗಿದ್ದರೂ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟುವ ಅಭ್ಯಾಸ ಹಳೆಯದಾಗಿತ್ತು.

ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ತೆರೆಯ ಮೇಲೆ ಮೂಡಿದ ಕೃತಿಗಳನ್ನು ಕುರಿತು ಬರೆಯುತ್ತಾರೆ. ತೆರೆಗೆ ಬರುವುದಕ್ಕೆ ಮುಂಚೆ ಹಾಳೆಗಳ ಮೇಲೆ ನಡೆದ ಕೆಲಸಕ್ಕೆ ಅವರ ಪುಸ್ತಕಗಳಲ್ಲಿ ದೊರೆಯುವ ಸ್ಥಳ ಸ್ವಲ್ಪವೇ. ಆದರೆ ವಿದ್ಯಾರ್ಥಿಗಳು ತೆಗೆಯುವ ಕಿರುಚಿತ್ರದ ವಿಷಯದಲ್ಲಿ ಈ ಪೂರ್ವಸಿದ್ಧತೆಯೇ ಶಿಕ್ಷಣದ ಮುಖ್ಯಭಾಗವಾಗಿ ಬೆಳೆದುಬಂದಿದೆ. ಅದು ಹಾಗೆ ಬೆಳೆದುದಕ್ಕೆ ಕಾರಣವನ್ನು ಅರಸುತ್ತ ಹೋದರೆ ಯಾವುದೋ ಸೌಂದರ್ಯಸಿದ್ಧಾಂತವಲ್ಲ, ಫಿಲ್ಮಿನ ಕೊರತೆಯೇ ನಮ್ಮ ಕಣ್ಣಿಗೆ ಬೀಳುತ್ತದೆ. ಬಡತನದಿಂದ ಹುಟ್ಟಿದ ಒಂದು ಪದ್ಧತಿ, ಬಡತನ ತೊಲಗಿದ ಮೇಲೂ ಏಕೆ ಉಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಆ ಪದ್ಧತಿಯ ಪೂರ್ವೋತ್ತರವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕಾಗುತ್ತದೆ.

ಚಲಚ್ಚಿತ್ರವು ಹುಟ್ಟಿದಾಗ ಸಿದ್ಧತೆಯೆಂಬುದು ಹೆಚ್ಚೇನೂ ಇರಲಿಲ್ಲ. 1895ರಲ್ಲಿ ಲೂಮಿಯೇರ್ ಸೋದರರು ಪ್ಯಾರಿಸಿನಲ್ಲಿ ತೋರಿಸಿದ ಚಿತ್ರಗಳು ಸುಮಾರು ಐವತ್ತು ಸೆಕೆಂಡುಗಳಷ್ಟು ಹೊತ್ತು ಓಡತಕ್ಕವು. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿದರೆ ನಿರ್ದೇಶನದ ಕೆಲಸ ಬಹುಪಾಲು ಮುಗಿದಂತೆಯೇ. ಆದರೂ ಅವುಗಳಲ್ಲಿ ಒಂದಾದ, ತೋಟಗಾರನ ನೀರಿನ ಕೊಳವೆಯನ್ನು ತುಂಟ ಹುಡುಗನೊಬ್ಬನು ತುಳಿದು ಅವನನ್ನು ತೋಯಿಸುವ ಚಿತ್ರದಲ್ಲಿ, ಓಡಿಹೋಗುತ್ತಿದ್ದ ಹುಡುಗನನ್ನು ತೋಟಗಾರನು ಹಿಡಿದು ಮತ್ತೆ ಚೌಕಟ್ಟಿನ ನಡುವಿಗೆ ಎಳೆದುತಂದೇ ಶಿಕ್ಷಿಸುವುದನ್ನು ಕಾಣುತ್ತೇವೆ. ನಡೆಯುವುದೆಲ್ಲ ಕ್ಯಾಮೆರಾದ ಎದುರಿಗೇ ನಡೆಯಬೇಕೆಂಬ ಒಪ್ಪಂದವೊಂದು ನಟರಿಗೂ ಕ್ಯಾಮೆರಾದವನಿಗೂ ಮುಂಚೆಯೇ ಆಗಿದ್ದಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪೂರ್ವಸಿದ್ಧತೆಯ ಬೀಜವು ಇಲ್ಲಿಯೇ ಇದೆ. ಐಂದ್ರಜಾಲಿಕನಾಗಿದ್ದ ಜಾರ್ಜ್ ಮೆಲಿಯೆಸ್ 1902ರಲ್ಲಿ ಚಂದ್ರಲೋಕದ ಯಾತ್ರೆಯನ್ನು ಚಿತ್ರಿಸಿದಾಗ ಆ ಬೀಜ ಮೊಳೆತಿತ್ತು; ಅವನ ಮಾಯಾದೃಶ್ಯಗಳು ರಂಗಸಜ್ಜಿಕೆಯ ರೇಖಾಚಿತ್ರಗಳಾಗಿ ಮೊದಲು ಕಾಗದದ ಮೇಲೆ ರೂಪುಗೊಳ್ಳುತ್ತಿದ್ದವು.

ಆದರೆ ಸಿದ್ಧತೆಯನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಅಮೆರಿಕದ ಥಾಮಸ್ ಇನ್ಸ್. 1910ರ ದಶಕದಲ್ಲಿ ಲಾಸ್ ಏಂಜಲೀಸ್ ಬಳಿಯ ಕಣಿವೆಯೊಂದರಲ್ಲಿ ವಿಶಾಲವಾದ ಚಿತ್ರಶಾಲೆಯನ್ನು ಸ್ಥಾಪಿಸಿ, ಒಂದೇ ಕಾಲಕ್ಕೆ ಹಲವು ಚಿತ್ರಗಳ ತಯಾರಿಕೆಯನ್ನು ನಡೆಸುತ್ತಿದ್ದ ಇವನಿಗೆ, ಎಲ್ಲ ಕಡೆಯೂ ತಾನೇ ನಿಂತು ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. ತನ್ನ ಅನುಪಸ್ಥಿತಿಯಲ್ಲಿಯೂ ತನ್ನ ಇಚ್ಛೆ ನಡೆಯುವಂತೆ ಮಾಡುವ ಸಾಧನವೊಂದು ಅವನಿಗೆ ಬೇಕಾಗಿತ್ತು. ದೃಶ್ಯಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟು, ಪ್ರತಿಯೊಂದರಲ್ಲಿಯೂ ನಡೆಯತಕ್ಕ ಕ್ರಿಯೆ, ಬೇಕಾದ ನಟರು, ಸ್ಥಳ, ಉಡುಪು, ಸಾಮಗ್ರಿಗಳನ್ನು ವಿವರವಾಗಿ ಬರೆದ ಚಿತ್ರಕಥೆಯೇ ಆ ಸಾಧನ. ಇದರಿಂದ ಒದಗಿದ ಪರಮ ಪ್ರಯೋಜನವೆಂದರೆ ಕಥೆಯ ಕ್ರಮವನ್ನು ಬಿಟ್ಟು ಕೆಲಸದ ಕ್ರಮವನ್ನು ಹಿಡಿಯುವ ಸ್ವಾತಂತ್ರ್ಯ. ಕಥಾನಾಯಕನು ಮನೆಯಿಂದ ಹೊರಡುವ ಮೊದಲ ದೃಶ್ಯವನ್ನೂ, ಎಷ್ಟೋ ವರ್ಷಗಳ ತರುವಾಯ ಅದೇ ಮನೆಗೆ ಹಿಂದಿರುಗುವ ಕೊನೆಯ ದೃಶ್ಯವನ್ನೂ ಒಂದೇ ಮಧ್ಯಾಹ್ನದಲ್ಲಿ ತೆಗೆದು ಮುಗಿಸಬಹುದಾದರೆ ಆ ಮನೆಗೆ ಎರಡು ಬಾರಿ ಹೋಗಬೇಕಾದ ಖರ್ಚು ಉಳಿಯುತ್ತದೆ. ಇಂದಿನ ವಿದ್ಯಾರ್ಥಿಯು ಚಿತ್ರಕಥೆಯ ಪ್ರತಿ ಪುಟವನ್ನೂ ಬಿಡಿಸಿ, ಯಾವ ದೃಶ್ಯಕ್ಕೆ ಯಾರು, ಎಲ್ಲಿ, ಹಗಲೋ ರಾತ್ರಿಯೋ ಎಂದು ಪಟ್ಟಿಮಾಡಿ, ಸ್ಥಳದ ಪ್ರಕಾರ ದಿನಗಳನ್ನು ಹಂಚಿ ಷೆಡ್ಯೂಲ್ ಬರೆಯುವಾಗ, ಅವನು ಅರಿತೋ ಅರಿಯದೆಯೋ ಇನ್ಸ್‌ನ ಕಾರ್ಖಾನೆಯ ಲೆಕ್ಕಪತ್ರವನ್ನೇ ಅನುಸರಿಸುತ್ತಿದ್ದಾನೆ.

ಹೀಗೆ ಅಮೆರಿಕದಲ್ಲಿ ವ್ಯಾಪಾರದ ಅನುಕೂಲಕ್ಕಾಗಿ ಹುಟ್ಟಿದ ವಿವರವಾದ ಚಿತ್ರಕಥೆಯು ರಷ್ಯಾದಲ್ಲಿ ವಾದವಿವಾದಕ್ಕೆ ವಿಷಯವಾಯಿತು. ಚಿತ್ರದ ಒಂದೊಂದು ತುಣುಕೂ ಚಿತ್ರೀಕರಣಕ್ಕೆ ಮೊದಲೇ ಬರಹದಲ್ಲಿ ನಿಷ್ಕೃಷ್ಟವಾಗಿರಬೇಕೆಂದು ಪುದೋವ್ಕಿನ್ 1926ರ ಸುಮಾರಿನ ತನ್ನ ಬರಹಗಳಲ್ಲಿ ಪ್ರತಿಪಾದಿಸಿದನು. ಇಂತಹ ಬಿಗಿಯಾದ ಬರಹಕ್ಕೆ ಕಬ್ಬಿಣದ ಚಿತ್ರಕಥೆಯೆಂಬ ಹೆಸರೇ ರೂಢಿಯಾಯಿತು. ಅಲ್ಲಿಯ ಇನ್ನೊಬ್ಬ ನಿರ್ದೇಶಕನಾದ ಐಸೆನ್‌ಸ್ಟೈನನಾದರೋ ಇದನ್ನು ಒಪ್ಪಲಿಲ್ಲ. ಲೇಖಕನು ನಿರ್ದೇಶಕನ ಹೃದಯದಲ್ಲಿ ಭಾವವನ್ನು ಕೆರಳಿಸಬೇಕೇ ಹೊರತು ಷಾಟುಗಳಿಗೆ ಸಂಖ್ಯೆ ಹಾಕಿ ಕೊಡತಕ್ಕವನಲ್ಲವೆಂಬುದು ಅವನ ಅಭಿಪ್ರಾಯ. ಆದರೆ ಈ ಮಾತಿನಿಂದ ಐಸೆನ್‌ಸ್ಟೈನನು ಸಿದ್ಧತೆಯ ವಿರೋಧಿಯೆಂದು ತಿಳಿಯುವುದು ತಪ್ಪು. 1930ರ ದಶಕದಲ್ಲಿ ಅವನು ಮಾಸ್ಕೋದ ವಿದ್ಯಾಲಯದಲ್ಲಿ ನಡೆಸಿದ ತರಗತಿಗಳನ್ನು ವ್ಲಾದಿಮಿರ್ ನಿಝ್ನಿ ಎಂಬ ಶಿಷ್ಯನು ಬರೆದಿಟ್ಟಿದ್ದಾನೆ; ಅದನ್ನು ನೋಡಿದರೆ ಸಿದ್ಧತೆಗೆ ಅವನು ಕೊಡುತ್ತಿದ್ದ ಮಹತ್ತ್ವ ಎಷ್ಟೆಂಬುದು ಗೊತ್ತಾಗುತ್ತದೆ. ಹೈಟಿಯ ವೀರನಾದ ದೆಸಾಲಿನನು ಫ್ರೆಂಚರು ಕಪಟದಿಂದ ಏರ್ಪಡಿಸಿದ ಔತಣಕ್ಕೆ ಬಂದು, ಅವರ ಸಂಚನ್ನು ತಿಳಿದು ತಪ್ಪಿಸಿಕೊಂಡು ಹೋಗುವ ಪ್ರಸಂಗವನ್ನು ತರಗತಿಯ ಮುಂದಿಟ್ಟು, ಬಾಗಿಲು ಯಾವ ಗೋಡೆಯಲ್ಲಿರಬೇಕು, ಊಟದ ಮೇಜು ಎಲ್ಲಿರಬೇಕು, ವೀರನು ಒಳಗೆ ಬರುವಾಗ ಕ್ಯಾಮೆರಾ ಅವನ ಮುಂದಿರಬೇಕೋ ಹಿಂದಿರಬೇಕೋ ಎಂಬುದನ್ನು ಶಿಷ್ಯರ ಬಾಯಿಂದಲೇ ಹೊರಡಿಸಿ, ಅವರು ಕೊಟ್ಟ ಉತ್ತರಗಳನ್ನು ಪರಸ್ಪರ ಸಂಘಟ್ಟಿಸಿ, ಇಡೀ ದೃಶ್ಯವನ್ನು ಒಂದಡಿ ಫಿಲ್ಮನ್ನೂ ವ್ಯಯಮಾಡದೆ ಕಟ್ಟಿ ನಿಲ್ಲಿಸುತ್ತಿದ್ದನು. ಇನ್ನೊಮ್ಮೆ, ದಾಸ್ತೊಯೆವ್‌ಸ್ಕಿಯ ಕಾದಂಬರಿಯಲ್ಲಿ ಬಡ್ಡಿಯ ಮುದುಕಿಯ ಕೊಲೆಯಾಗುವ ಭಾಗವನ್ನು ಎಲ್ಲಿಯೂ ಕತ್ತರಿಸದೆ ಒಂದೇ ಷಾಟಿನಲ್ಲಿ ಯೋಜಿಸುವ ಕಠಿನ ಅಭ್ಯಾಸವನ್ನೂ ಕೊಟ್ಟನು. ಪುದೋವ್ಕಿನ್ ಮತ್ತು ಐಸೆನ್‌ಸ್ಟೈನರ ಜಗಳ ಬರಹದ ಸ್ವರೂಪವನ್ನು ಕುರಿತದ್ದಾಗಿತ್ತೇ ಹೊರತು, ಮೊದಲು ಯೋಚಿಸಬೇಕೇ ಬೇಡವೇ ಎಂಬುದನ್ನು ಕುರಿತದ್ದಲ್ಲ.

ಇದೇ ವಿದ್ಯಾಲಯದಲ್ಲಿ 1956ರಲ್ಲಿ ವಿದ್ಯಾರ್ಥಿಯಾಗಿದ್ದ ಆಂದ್ರೆಯ್ ತಾರ್ಕೋವ್‌ಸ್ಕಿ ತನ್ನ ಸಹಪಾಠಿಗಳೊಡನೆ ಹೆಮಿಂಗ್ವೇಯ ಕಥೆಯೊಂದನ್ನು ಕಿರುಚಿತ್ರವಾಗಿ ತೆಗೆದನು. ಕಥೆ ನಡೆಯುವುದು ಅಮೆರಿಕದ ಸಣ್ಣ ಊರಿನ ಉಪಾಹಾರಗೃಹದಲ್ಲಿ. ತೆಗೆಯಬೇಕಾದುದು ಮಾಸ್ಕೋದ ಶಾಲೆಯ ಕೋಣೆಯಲ್ಲಿ. ವಿದ್ಯಾರ್ಥಿಗಳು ಬಂಧುಮಿತ್ರರ ಮನೆಗಳಿಂದ ಬೇಕಾದ ವಸ್ತುಗಳನ್ನು ಹೊತ್ತು ತಂದು ಆ ಹೋಟೆಲನ್ನು ನಿರ್ಮಿಸಿದರು. ಅಮೆರಿಕದಲ್ಲಿ ಜಾರ್ಜ್ ಲೂಕಾಸ್ 1967ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತನ್ನ ಭವಿಷ್ಯತ್ಕಾಲದ ಕಿರುಚಿತ್ರವನ್ನು ತೆಗೆದಾಗ, ಅಲ್ಲಿ ಶಿಕ್ಷಣಕ್ಕೆ ಬರುತ್ತಿದ್ದ ನೌಕಾಪಡೆಯ ಛಾಯಾಗ್ರಾಹಕರಿಗೆ ಪಾಠ ಹೇಳುವ ಕೆಲಸವನ್ನು ಒಪ್ಪಿಕೊಂಡು, ಅವರ ಪಾಲಿಗೆ ಬರುತ್ತಿದ್ದ ಬಣ್ಣದ ಫಿಲ್ಮನ್ನೂ ಅವರ ಸಹಾಯವನ್ನೂ ತನ್ನ ಚಿತ್ರಕ್ಕೆ ಒದಗಿಸಿಕೊಂಡನು. ಎರಡು ದೇಶಗಳ ರಾಜಕೀಯ ಎಷ್ಟೇ ಭಿನ್ನವಾಗಿದ್ದರೂ ಅವುಗಳ ವಿದ್ಯಾರ್ಥಿಗಳ ಬುದ್ಧಿ ಒಂದೇ ದಾರಿಯಲ್ಲಿ ಓಡಿತೆಂಬುದನ್ನು ಇಲ್ಲಿ ಗಮನಿಸಬೇಕು. ಕಥೆಗೆ ಬೇಕಾದುದೇನು, ಕೈಗೆ ಎಟುಕುವುದೇನು ಎಂಬ ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದನ್ನು ಇನ್ನೊಂದಕ್ಕೆ ಹೊಂದಿಸುವುದೇ ವಿದ್ಯಾರ್ಥಿಚಿತ್ರದ ಪೂರ್ವಸಿದ್ಧತೆಯ ಸಾರಸರ್ವಸ್ವ.

ನಮ್ಮ ದೇಶದ ಕಡೆಗೆ ತಿರುಗಿದರೆ, ಭಾರತೀಯ ಚಲಚ್ಚಿತ್ರವು ಕಣ್ಣು ತೆರೆದುದೇ ಒಂದು ಸಿದ್ಧತೆಯ ಕಿರುಚಿತ್ರದಿಂದ ಎಂದರೆ ಅತಿಶಯೋಕ್ತಿಯಾಗಲಾರದು. 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ಪ್ರದರ್ಶಿಸುವುದಕ್ಕೆ ಮುಂಚೆ ದಾದಾಸಾಹೇಬ್ ಫಾಲ್ಕೆಯವರು, ಹಣ ಹೂಡುವವರಿಗೆ ಈ ಹೊಸ ವಿದ್ಯೆಯಲ್ಲಿ ನಂಬಿಕೆ ಹುಟ್ಟಿಸುವ ಸಲುವಾಗಿ, ಕುಂಡದಲ್ಲಿ ಬಿತ್ತಿದ ಬಟಾಣಿಯ ಮೊಳಕೆಯನ್ನು ದಿನಕ್ಕೊಂದು ಚೌಕಟ್ಟಿನಂತೆ ತೆಗೆದು, ಬೀಜವು ಗಿಡವಾಗುವುದನ್ನು ಕ್ಷಣಮಾತ್ರದಲ್ಲಿ ತೋರಿಸಿದರು. ಆ ಪ್ರಯತ್ನಕ್ಕೆ ಬೇಕಾದ ಫಿಲ್ಮು ಕೆಲವೇ ಅಂಗುಲ. ಬೇಕಾದ ತಾಳ್ಮೆ ಹಲವು ವಾರಗಳದು. ಮುಂದೆ ಭಾರತದಲ್ಲಿ ಚಿತ್ರೋದ್ಯಮ ವಿಸ್ತಾರವಾಗಿ ಬೆಳೆಯಿತಾದರೂ ಅದಕ್ಕೆ ಬೇಕಾದ ಕಚ್ಚಾ ಫಿಲ್ಮು ಹಡಗಿನಲ್ಲಿಯೇ ಬರಬೇಕಾಗಿತ್ತು. ಎರಡನೆಯ ಮಹಾಯುದ್ಧದ ನಡುವೆ ಸರಬರಾಜು ಕುಗ್ಗಿದಾಗ ಸರ್ಕಾರವು ಕಥಾಚಿತ್ರದ ಉದ್ದವನ್ನು 11,000 ಅಡಿಗಳಿಗೆ ಮಿತಿಗೊಳಿಸಿ, ಫಿಲ್ಮಿನ ಹಂಚಿಕೆಗೆ ಪರವಾನಗಿಯ ಕಟ್ಟನ್ನೂ ಹಾಕಿತು.

ಆ ಯುದ್ಧದ ವರ್ಷಗಳಲ್ಲಿಯೇ ಬೆಂಗಳೂರಿನಲ್ಲಿ, ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯಲ್ಲಿ, ಛಾಯಾಗ್ರಹಣದ ಕ್ರಮಬದ್ಧ ಶಿಕ್ಷಣವು ನಡೆಯುತ್ತಿತ್ತೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಪುಣೆಯ ಚಲಚ್ಚಿತ್ರ ಶಾಲೆ ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1946ರಲ್ಲಿ, ಮೈಸೂರಿನ ವಿ. ಕೆ. ಮೂರ್ತಿಯವರು ಇಲ್ಲಿಂದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ, ಬರಿದಾದ ಸ್ಟುಡಿಯೋದೊಳಗೆ ಮೇಲಿಂದ ಇಳಿಯುವ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಅವರು ಸಾಧಿಸಿದುದು ದೀಪಗಳಿಂದಲ್ಲ. ಹೊರಗೊಂದು, ಒಳಗೊಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ ಸೂರ್ಯನ ಕಿರಣವನ್ನೇ ಒಳಕ್ಕೆ ತಿರುಗಿಸಿಕೊಂಡರು. ಸೂರ್ಯನು ನಿರ್ದೇಶಕನ ಅಪ್ಪಣೆಗಾಗಿ ಕಾಯುವವನಲ್ಲವಾದುದರಿಂದ, ಯಾವ ಹೊತ್ತಿನಲ್ಲಿ ಕಿರಣವು ಎಲ್ಲಿ ಬೀಳುವುದೆಂಬುದನ್ನು ಲೆಕ್ಕ ಹಾಕದೆ ಇಂತಹ ಷಾಟು ಸಿದ್ಧಿಸುವುದಿಲ್ಲ. ಅದೇ ಪಾಲಿಟೆಕ್ನಿಕ್ಕಿನಿಂದ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿಯವರು ಮೂರ್ತಿಯವರ ಸಹಾಯಕರಾಗಿ ಕೆಲಸ ಕಲಿತು, ಬೆಂಗಳೂರಿನ ಈ ವಿದ್ಯೆಯ ಸಂತತಿಯನ್ನು ಮುಂದುವರಿಸಿದರು.

ಸ್ವಾತಂತ್ರ್ಯಾನಂತರ 1949ರಲ್ಲಿ ನೇಮಕವಾದ, ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಲಚ್ಚಿತ್ರ ವಿಚಾರಣಾ ಸಮಿತಿಯು 1951ರಲ್ಲಿ ಒಪ್ಪಿಸಿದ ವರದಿಯಲ್ಲಿ, ದೇಶಕ್ಕೆ ಒಂದು ಶಿಕ್ಷಣಸಂಸ್ಥೆ ಅಗತ್ಯವೆಂದು ಶಿಫಾರಸು ಮಾಡಿತು. ಅದು ಕೈಗೂಡಿದುದು 1960ರಲ್ಲಿ, ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ. 'ಸಂತ ತುಕಾರಾಮ್'ನಂತಹ ಚಿತ್ರಗಳು ತಯಾರಾದ ಅಂಕಣಗಳಲ್ಲಿಯೇ ಹೊಸ ವಿದ್ಯಾರ್ಥಿಗಳು ಕೆಲಸ ಕಲಿಯತೊಡಗಿದರು. ಅವರಿಗೆ ಮೊದಲು ಕಲಿಯಬೇಕಾಗಿದ್ದುದು ಒಂದು ಸರಳವಾದ ಗಣಿತ. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಕ್ಯಾಮೆರಾದ ಮೂಲಕ ಹಾದುಹೋಗುತ್ತದೆ; 400 ಅಡಿಯ ಒಂದು ಸುರುಳಿ ನಾಲ್ಕೂವರೆ ನಿಮಿಷ ತುಂಬುವುದರೊಳಗೆ ಮುಗಿದುಹೋಗುತ್ತದೆ. ಹತ್ತು ನಿಮಿಷದ ಚಿತ್ರವು ತೆರೆಯ ಮೇಲೆ 900 ಅಡಿ. ಪ್ರತಿ ಷಾಟನ್ನೂ ಸರಾಸರಿ ನಾಲ್ಕು ಸಲ ತೆಗೆದರೆ 3,600 ಅಡಿ, ಎಂದರೆ ಒಂಬತ್ತು ಸುರುಳಿ. ನಟಿಯೊಬ್ಬಳು ಬಾಗಿಲು ತೆರೆಯುವುದಕ್ಕೆ ಎರಡು ಸೆಕೆಂಡು ತಡಮಾಡಿದರೆ ಮೂರು ಅಡಿ ವ್ಯರ್ಥ. ಸಂಸ್ಥೆ ಕೊಡುವ ಫಿಲ್ಮಾದರೋ ಅಳೆದು ಕೊಟ್ಟದ್ದು. ತೆಗೆದುದನ್ನು ಒಡನೆಯೇ ನೋಡುವಂತಿರಲಿಲ್ಲ. ಅದು ಸಂಸ್ಕರಣಕ್ಕೆ ಹೋಗಿ, ಮುದ್ರಿತವಾಗಿ ಬಂದ ಮೇಲೆಯೇ ತಪ್ಪುಗಳು ಗೋಚರಿಸುತ್ತಿದ್ದವು, ಆ ಹೊತ್ತಿಗೆ ಸೆಟ್ಟನ್ನು ಕಿತ್ತುಹಾಕಿಯೂ ಆಗಿರಬಹುದು. ಆದುದರಿಂದ ತಪ್ಪನ್ನು ಮಾಡುವುದಿದ್ದರೆ ಕಾಗದದ ಮೇಲೆ ಮಾಡಿ ಮುಗಿಸುವುದೇ ಬುದ್ಧಿವಂತಿಕೆ.

ಈ ಕಾಗದದ ಕೆಲಸವು ಒಬ್ಬನದಾಗಿರಲಿಲ್ಲ ಎಂಬುದು ಪುಣೆಯ ಪದ್ಧತಿಯ ವಿಶೇಷ. ಡಿಪ್ಲೊಮಾ ಚಿತ್ರವೊಂದಕ್ಕೆ ನಿರ್ದೇಶನ, ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನ ಈ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಒಂದು ತಂಡವಾಗಿ ಸೇರುವರು. ಆ ಚಿತ್ರವು ನಾಲ್ವರಿಗೂ ಪರೀಕ್ಷೆಯೇ. ನಿರ್ದೇಶಕನ ಮನಸ್ಸಿನಲ್ಲಿ ಮಳೆಯ ರಾತ್ರಿಯೊಂದು ಎಷ್ಟೇ ಮನೋಹರವಾಗಿ ಮೂಡಿದ್ದರೂ, ಎಷ್ಟು ದೀಪ ಬೇಕು ಎಂದು ಛಾಯಾಗ್ರಾಹಕನೂ, ಮಳೆಯ ಸದ್ದಿನಲ್ಲಿ ಮಾತು ಕೇಳುವುದು ಹೇಗೆ ಎಂದು ಧ್ವನಿಯವನೂ, ಈ ಷಾಟಿನಿಂದ ಮುಂದಿನದಕ್ಕೆ ಹೋಗುವ ದಾರಿ ಯಾವುದು ಎಂದು ಸಂಕಲನಕಾರನೂ ಕೇಳಿದಾಗ, ಅವನು ಉತ್ತರ ಕೊಡಲೇಬೇಕು. ಸೆಟ್ಟಿನ ನಕ್ಷೆಯನ್ನು ಬರೆದು ಅದರಲ್ಲಿ ಕ್ಯಾಮೆರಾದ ಸ್ಥಾನಗಳನ್ನು ಗುರುತಿಸುವುದು, ಷಾಟುಗಳ ಪಟ್ಟಿಯನ್ನು ತಯಾರಿಸುವುದು, ಲೊಕೇಷನ್ನಿಗೆ ಮುಂಚಿತವಾಗಿ ಹೋಗಿ ಬಿಸಿಲು ಯಾವ ಹೊತ್ತಿಗೆ ಯಾವ ಕಿಟಕಿಯಲ್ಲಿ ಇಳಿಯುವುದೆಂದು ನೋಡಿಬರುವುದು, ಇವೆಲ್ಲ ಆ ಪ್ರಶ್ನೆಗಳಿಗೆ ಕೊಟ್ಟ ಲಿಖಿತ ಉತ್ತರಗಳು. ತನಗೆ ಮಾತ್ರ ಕಾಣುತ್ತಿರುವುದನ್ನು ಇತರರೂ ಕಾಣುವಂತೆ ಹೇಳುವ ಹೊಣೆ ಕಲಾವಿದನಿಗೆ ಮೊಟ್ಟಮೊದಲು ಒದಗುವುದು ಇಲ್ಲಿಯೇ. 1960ರ ದಶಕದಲ್ಲಿ ಸ್ವಲ್ಪಕಾಲ ಉಪಪ್ರಾಂಶುಪಾಲರಾಗಿದ್ದ ಋತ್ವಿಕ್ ಘಟಕರ ಶಿಷ್ಯರಾದ ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಮೂವರೂ ಮೂರು ದಾರಿ ಹಿಡಿದವರು; ಒಂದೇ ಶಿಸ್ತಿನಲ್ಲಿ ಬೆಳೆದವರು ಒಂದೇ ಅಚ್ಚಿನಲ್ಲಿ ಇಳಿಯಲಿಲ್ಲವೆಂಬುದು ಆ ಶಿಸ್ತಿನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತು. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ ಪುಣೆಗೆ ಹೋದ ನಮ್ಮ ಗಿರೀಶ್ ಕಾಸರವಳ್ಳಿಯವರ ಡಿಪ್ಲೊಮಾ ಚಿತ್ರ 'ಅವಶೇಷ'ವು ರಾಷ್ಟ್ರಪ್ರಶಸ್ತಿ ಗಳಿಸಿತು. ಅವರು ಶಾಲೆ ಬಿಟ್ಟ ಎರಡೇ ವರ್ಷಗಳಲ್ಲಿ, 1977ರಲ್ಲಿ, 'ಘಟಶ್ರಾದ್ಧ'ವು ಸ್ವರ್ಣಕಮಲವನ್ನು ಕನ್ನಡಕ್ಕೆ ತಂದಿತು.

ಶಾಲೆಗೆ ಹೋಗದೆಯೇ ಇದೇ ಪಾಠವನ್ನು ಕಲಿತವರೂ ಉಂಟು. ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿದ್ದ ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ'ಗೆ ಸಂಪೂರ್ಣವಾದ ಚಿತ್ರಕಥೆಯನ್ನೇ ಬರೆಯಲಿಲ್ಲ. ದೃಶ್ಯಗಳನ್ನು ಮಸಿಯ ಚಿತ್ರಗಳಾಗಿ ಬಿಡಿಬಿಡಿಯಾಗಿ ಬರೆದಿಟ್ಟುಕೊಂಡರು, ಸಂಭಾಷಣೆಗಳನ್ನು ತಲೆಯಲ್ಲಿ ಹೊತ್ತುಕೊಂಡರು. 1952ರ ಅಕ್ಟೋಬರಿನ ಒಂದು ದಿನ ಕಾಶಹೂವಿನ ಬಯಲಿನಲ್ಲಿ ಕೆಲಸ ಆರಂಭಿಸಿ, ಮುಂದಿನ ವಾರ ಹೋಗಿ ನೋಡಿದರೆ, ಬಯಲಿನ ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು. ಉಳಿದ ಷಾಟುಗಳಿಗಾಗಿ ಮತ್ತೆ ಹೂ ಬಿಡುವ ಕಾಲ ಬರುವವರೆಗೆ ಅವರು ಕಾಯಬೇಕಾಯಿತು. ಋತು, ಬೆಳಕು, ದನಕರು ಇವು ಯಾವ ಷೆಡ್ಯೂಲಿಗೂ ಸಹಿ ಹಾಕುವುದಿಲ್ಲ. ಆದರೆ ರಾಯ್ ಅವರ ಬಳಿ ಚಿತ್ರಗಳಲ್ಲಿ ಬರೆದಿಟ್ಟ ಆ ದೃಶ್ಯವಿದ್ದುದರಿಂದ, ಅಷ್ಟು ಕಾಲದ ತರುವಾಯವೂ ಹಿಂದಿನ ತುಣುಕಿಗೆ ಮುಂದಿನ ತುಣುಕನ್ನು ಬೆಸುಗೆ ಕಾಣದಂತೆ ಸೇರಿಸುವುದು ಸಾಧ್ಯವಾಯಿತು. ಯೋಜನೆಯ ಬೆಲೆ ತಿಳಿಯುವುದು ಎಲ್ಲವೂ ಸುಗಮವಾಗಿ ನಡೆದಾಗಲಲ್ಲ, ನಡೆಯದೆ ಹೋದಾಗ.

ಹೀಗೆ ಚಿತ್ರಗಳಲ್ಲಿಯೇ ಯೋಚಿಸುವ ಕ್ರಮಕ್ಕೆ ಬೇರೊಂದು ವಂಶಾವಳಿಯೂ ಇದೆ. 1930ರ ದಶಕದ ಮೊದಲಲ್ಲಿ ವಾಲ್ಟ್ ಡಿಸ್ನಿಯ ಕಾರ್ಯಾಗಾರದಲ್ಲಿ ಕಥೆಯ ಘಟ್ಟಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದು, ಗೋಡೆಯ ಹಲಗೆಗೆ ಸಾಲಾಗಿ ಚುಚ್ಚಿ, ಹಿಡಿಸದ ಹಾಳೆಯನ್ನು ಕಿತ್ತು ಬೇರೆಯದನ್ನು ಹಚ್ಚುವ ರೂಢಿ ಬಂದಿತು. ವ್ಯಂಗ್ಯಚಿತ್ರಕ್ಕಾಗಿ ಹುಟ್ಟಿದ ಈ ಸ್ಟೋರಿಬೋರ್ಡು, 1939ರ 'ಗಾನ್ ವಿತ್ ದಿ ವಿಂಡ್' ಹೊತ್ತಿಗೆ ನಟರ ಚಿತ್ರಗಳಿಗೂ ಹಬ್ಬಿತು. ಇಂದು ಅದು ಚಿತ್ರಶಾಲೆಗಳಲ್ಲೆಲ್ಲ ಬಳಕೆಯಲ್ಲಿದೆ.

ಈಗ ಕಾಲ ಬದಲಾಗಿದೆ. ಫಿಲ್ಮಿನ ಸುರುಳಿಯ ಸ್ಥಾನದಲ್ಲಿ ಉಗುರಿನಗಲದ ಕಾರ್ಡು ಬಂದಿದೆ. ಮೊಬೈಲನ್ನು ಹಿಡಿದ ಹುಡುಗಿಯೊಬ್ಬಳು ಒಂದೇ ಷಾಟನ್ನು ನಲವತ್ತು ಸಲ ತೆಗೆದರೂ ಅವಳಿಗೆ ಹೆಚ್ಚಿನ ಖರ್ಚಿಲ್ಲ. ತೆಗೆದುದನ್ನು ಅಲ್ಲಿಯೇ ನೋಡಬಹುದು, ಬೇಡವಾದರೆ ಅಳಿಸಬಹುದು. ಕೊರತೆಯಿಂದ ಹುಟ್ಟಿದ ಪದ್ಧತಿಗೆ ಕೊರತೆಯೇ ಆಧಾರವಾಗಿದ್ದರೆ ಅದು ಇಷ್ಟು ಹೊತ್ತಿಗೆ ಕಣ್ಮರೆಯಾಗಬೇಕಾಗಿತ್ತು. ಹಾಗಾಗದಿರುವುದಕ್ಕೆ ಕಾರಣ, ಅಗ್ಗವಾದುದು ಫಿಲ್ಮು ಮಾತ್ರ ಎಂಬುದು. ಸ್ನೇಹಕ್ಕಾಗಿ ಭಾನುವಾರವನ್ನು ಬಿಟ್ಟುಕೊಟ್ಟ ನಟನ ಹೊತ್ತು ಅಗ್ಗವಾಗಿಲ್ಲ. ಬೆಳಗ್ಗೆ ಹತ್ತರವರೆಗೆ ಮಾತ್ರ ಅಂಗಡಿಯನ್ನು ಬಿಟ್ಟುಕೊಡಲು ಒಪ್ಪಿದ ಅಂಗಡಿಯವರ ಔದಾರ್ಯ ಅಗ್ಗವಾಗಿಲ್ಲ. ಸಂಜೆಯ ಹೊಂಬಿಸಿಲು ಇಂದಿಗೂ ಅರ್ಧ ಗಂಟೆಯನ್ನು ಮೀರಿ ನಿಲ್ಲುವುದಿಲ್ಲ. ನಲವತ್ತು ಟೇಕುಗಳನ್ನು ತೆಗೆದವರು ಅವನ್ನೆಲ್ಲ ಸಂಕಲನದ ಮೇಜಿನ ಮುಂದೆ ಕುಳಿತು ನೋಡಬೇಕು. ಮೊದಲು ಮಾಡದ ಆಯ್ಕೆಯನ್ನು ಆಮೇಲೆ ಮಾಡಬೇಕು, ಅದೂ ಬೇಕಾದ ಷಾಟು ತೆಗೆಯದೇ ಉಳಿಯಿತೆಂದು ತಿಳಿದ ಮೇಲೆ. ಹಳೆಯ ಪದ್ಧತಿಯು ಉಳಿಸುತ್ತಿದ್ದುದು ಫಿಲ್ಮನ್ನಷ್ಟೇ ಎಂದು ಎಲ್ಲರೂ ಭಾವಿಸಿದ್ದರು. ಅದು ಅದರೊಡನೆಯೇ ಜನರ ವೇಳೆಯನ್ನೂ ಪರಸ್ಪರ ವಿಶ್ವಾಸವನ್ನೂ ಉಳಿಸುತ್ತಿದ್ದಿತು.

ಕುಲೆಷೋವನ ಶಿಷ್ಯರಿಗೆ ಕ್ಯಾಮೆರಾ ಇತ್ತು, ಫಿಲ್ಮು ಇರಲಿಲ್ಲ. ಅವರನ್ನು ಯೋಚಿಸುವಂತೆ ಮಾಡಲು ಗುರುವು ಒತ್ತಾಯಪಡಿಸಬೇಕಾಗಿರಲಿಲ್ಲ, ಕಾಲವೇ ಆ ಕೆಲಸವನ್ನು ಮಾಡಿತು. ಇಂದಿನ ಗುರುವಿಗೆ ಕಾಲದ ಆ ಸಹಾಯವಿಲ್ಲ. ಉಪಕರಣವನ್ನು ಕೈಗೆ ಕೊಡುವ ಮುನ್ನ ಚಿತ್ರಕಥೆಯನ್ನೂ ಷಾಟುಗಳ ಪಟ್ಟಿಯನ್ನೂ ದಿನಗಳ ಹಂಚಿಕೆಯನ್ನೂ ತೋರಿಸೆಂದು ಅವನು ಕೇಳಿದಾಗ ವಿದ್ಯಾರ್ಥಿಗೆ ಅದು ಕಚೇರಿಯ ಕಾಟವೆಂದು ತೋರುವುದು ಸಹಜವೇ. ಆದರೆ ಕ್ಯಾಮೆರಾ ಪ್ರತಿಯೊಬ್ಬರ ಜೇಬಿಗೂ ಬಂದಿರುವ ಈ ದಿನಗಳಲ್ಲಿ, ಹೊರಗೆ ಎಲ್ಲಿಯೂ ಸುಲಭವಾಗಿ ದೊರೆಯದ ಯಾವುದಾದರೊಂದನ್ನು ಚಿತ್ರಶಾಲೆಯು ಕೊಡುವುದಿದ್ದರೆ ಅದು ಈ ತಡೆಯೇ. ತೆಗೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲದಿರುವಾಗ, ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂದು ನಾಲ್ಕು ಜನರೊಡನೆ ಕುಳಿತು ತೀರ್ಮಾನಿಸುವವರೆಗೂ ಕಾಯುವ ಅಭ್ಯಾಸವನ್ನು ಹಿಂದೆ ಫಿಲ್ಮಿನ ಬಡತನ ಕಲಿಸಿತು. ಇನ್ನು ಮುಂದೆ ಅದನ್ನು ಕಲಿಸುವ ಭಾರ ಶಾಲೆಯದು.